ಕಿಂಡಿಯ ಪಕ್ಕದ ಗಾಲಿ

ಹತ್ತಿಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವಳು ಕ್ಯಾಮೆರಾವನ್ನು ಮೂಲೆಮೂಲೆಯೂ ಒರೆಸುತ್ತಿದ್ದಾಳೆ, ಲೆನ್ಸಿನ ಅಂಚು, ಪಟ್ಟಿಯ ಕೊಂಡಿ, ಗುಂಡಿಗಳ ಸಂದು, ಮನೆಯೊಳಗೆ ಸದ್ದಿಲ್ಲ, ಕಿಟಕಿಯಾಚೆ ಹಿತ್ತಲಲ್ಲಿ ಗಂಡ ಒದ್ದೆ ಬಟ್ಟೆ ಕೊಡವುವ ಶಬ್ದ ಮಾತ್ರ — ಸಂಜೆ ಅಳಿಯ ಬಂದು ಒಯ್ಯುತ್ತಾನೆ, ಕೊಡುವ ಸಾಮಾನನ್ನು ಧೂಳುಸಮೇತ ಕೊಡುವುದು ಹೇಗೆ, ನಿಜವಾಗ್ಲೂ ಕೊಡ್ತೀರಾ ಅತ್ತೆ, ಆಮೇಲೆ ಮನಸ್ಸು ತಡೀದೆ ವಾಪಸ್ ಕೇಳಿದ್ರೆ, ಎಂದು ಮೊನ್ನೆ ಅವನು ಕೇಳಿದ್ದಕ್ಕೆ, ಇಲ್ಲಪ್ಪಾ, ಸಾಕಾಯ್ತು, ಎಷ್ಟು ವರ್ಷ ಅಂತ ಕಂಡಕಂಡವರಿಗೆಲ್ಲ ನಗಿ ನಗಿ ಅನ್ಲಿ, ಎಂದು ತಾನೇ ನಕ್ಕಿದ್ದಳು, ಆ ನಗು ಹೇಗಿತ್ತೋ, ಗಂಡ ಪೇಪರಿನ ಮೇಲಿಂದ ಒಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದ್ದ. ಬಲಗಣ್ಣು ಹೋಗುತ್ತಿದೆ ಎಂದು ಅವನಿಗೂ ಹೇಳಿಲ್ಲ. ಮೂರು ತಿಂಗಳಿಂದ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಎಲ್ಲ ಮಸುಕು, ಸೋಪಿನ ನೀರಿನಾಚೆ ನೋಡಿದ ಹಾಗೆ, ಕಿಂಡಿಗೆ ಯಾವಾಗಲೂ ಬಲಗಣ್ಣೇ, ಎಡಗಣ್ಣು ಮುಚ್ಚಿಕೊಳ್ಳುವುದು ಹುಡುಗಿಯಾಗಿದ್ದಾಗಿನ ರೂಢಿ, ಹೊರಗೆ ಎರಡೂ ಕಣ್ಣು ಬಿಟ್ಟು ನಡೆದಾಡುವಾಗ ಚೆನ್ನಾಗಿಯೇ ಕಾಣುತ್ತದೆ, ಎಡಗಣ್ಣು ಅಕ್ಕನ ಹಾಗೆ ತಂಗಿಯ ಕೆಲಸವನ್ನೂ ಮಾಡಿಕೊಡುತ್ತಿರಬೇಕು, ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದರೆ ಒಂದೇ ಗಳಿಗೆಯಲ್ಲಿ ಗೊತ್ತಾಗಿಬಿಡುತ್ತದೆ, ಕನ್ನಡಿಯ ಮುಂದೆ ನಿಂತು ಕೈ ಎತ್ತಿದ್ದಳು ಕೂಡ, ಎತ್ತಿದ ಕೈಯಲ್ಲಿ ಕೂದಲು ಸರಿಮಾಡಿಕೊಂಡು ಬಂದುಬಿಟ್ಟಳು.

ಅಮ್ಮನದೂ ಹೀಗೇ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಮಟಮಟ ಮಧ್ಯಾಹ್ನ ಲೈಟ್ ಹಾಕ್ರೇ ಎನ್ನುತ್ತಿದ್ದಳು, ಮೇಜಿನ ಮೇಲೆ ಅವಳ ಕೈ ತಡವುತ್ತ ತಡವುತ್ತ ಬಂದು ಲೋಟದ ಅಂಚಿಗೆ ತಾಕಿ ನಿಲ್ಲುತ್ತಿತ್ತು, ತೊಳೆದು ತಂದ ಫೋಟೊ ಕೈಗೆ ಕೊಟ್ಟರೆ ಹೊಳೆಯುವ ಕಾಗದದ ಮೇಲೆ ಹೆಬ್ಬೆರಳು ಆಡಿಸಿ, ಯಾರೇ ಇದು, ನೀನೇ ಕಣಮ್ಮಾ, ಹೌದಾ, ದಪ್ಪ ಕಾಣ್ತೀನಾ. ಆ ಫೋಟೊ ತೆಗೆದದ್ದು ಚಿಕ್ಕಪ್ಪನ ಹಳೇ ಕ್ಯಾಮೆರಾದಲ್ಲಿ, ಅವಳನ್ನು ಶಾಲೆ ಬಿಡಿಸಿ ಪುಸ್ತಕದ ಬೈಂಡಿಂಗ್ ಕೆಲಸಕ್ಕೆ ಹಾಕಿದ ವಾರ, ಅಳಬೇಡ ಮರಿ, ತಗೋ ಇದನ್ನ, ಎಂದು ಚಿಕ್ಕಪ್ಪನೇ ಕೊಟ್ಟದ್ದು, ಒಂದು ರೀಲು ಹಾಕಿದರೆ ತಿಂಗಳುಗಟ್ಟಲೆ ಬರಬೇಕು, ಒತ್ತುವ ಮುಂಚೆ ನೂರು ಸಲ ಯೋಚನೆ, ಮದುವೆಯಾದ ಮೇಲೆ ಬಚ್ಚಲುಮನೆಯೇ ಡಾರ್ಕ್‌ರೂಮ್, ಕೆಂಪು ಬಲ್ಬು, ತಟ್ಟೆಯೊಳಗೆ ಬಿಳಿ ಕಾಗದದಿಂದ ಮೊದಲು ಹುಬ್ಬು ಮೂಡುವುದು, ಆಮೇಲೆ ಮೂಗಿನ ನೆರಳು, ಬಾಗಿಲಾಚೆ ಟವೆಲ್ ಹೆಗಲಿಗೆ ಹಾಕಿಕೊಂಡ ಗಂಡ, ಇನ್ನೂ ಎಷ್ಟೊತ್ತೇ, ನಾನು ಹೀಗೇ ಕೆಲಸಕ್ಕೆ ಹೋಗ್ಲಾ, ಹೋಗಿ, ಬಾಗಿಲು ತೆಗೆದ್ರೆ ಬೆಳಕು ಬಿದ್ದು ನಿಮ್ಮಮ್ಮನ ಮುಖ ಕಪ್ಪಾಗುತ್ತೆ. ಆಗೆಲ್ಲ ಫೋಕಸ್ ಅವಳ ಕೈಯಲ್ಲಿತ್ತು, ಲೆನ್ಸಿನ ಉಂಗುರ ತಿರುಗಿಸುತ್ತ ತಿರುಗಿಸುತ್ತ ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಎದ್ದು ನಿಂತಾಗ ಉಸಿರು ಹಿಡಿದು ಒತ್ತುವುದು, ಈ ಹೊಸ ಕ್ಯಾಮೆರಾಕ್ಕೆ ಅವಳು ಬೇಕಾಗಿಯೇ ಇಲ್ಲ, ಮಗಳು ತಂದುಕೊಟ್ಟಾಗಲೇ ಹೇಳಿದ್ದಳು, ಅಮ್ಮಾ, ಅದೇ ಎಲ್ಲ ನೋಡ್ಕೊಳ್ಳುತ್ತೆ, ನೀನು ಒತ್ತಿದ್ರೆ ಸಾಕು, ಒತ್ತಿದ ಮೇಲೆ ಹೆಬ್ಬೆರಳು ತಾನಾಗಿ ರೀಲು ಮುಂದಕ್ಕೆ ಸುತ್ತುವ ಸನ್ನೆಕೋಲು ಹುಡುಕುತ್ತಿತ್ತು, ಇಲ್ಲದ್ದನ್ನು ಹುಡುಕಿ ಪೆಚ್ಚಾಗಿ ವಾಪಸ್ ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು, ಅವಳೂ. ಕಿಂಡಿ ಮಸುಕಾದ ಮೇಲೂ ಹಿಂಬದಿಯ ಪರದೆಯಲ್ಲಿ ಫೋಟೊ ಸ್ಪಷ್ಟವಾಗಿಯೇ ಬರುತ್ತಿತ್ತು, ಅದು ಸಮಾಧಾನವೇ ಅಲ್ಲ, ಯಂತ್ರಕ್ಕೆ ಕಣ್ಣಿದೆ, ತನಗಿಲ್ಲ ಎಂದಷ್ಟೇ ಅರ್ಥ, ಕುರುಡಿ ತೆಗೆದ ಫೋಟೊಗಳು, ಅಯ್ಯೋ ಬೇಡ —

ಬಟ್ಟೆ ಕಿಂಡಿಯ ರಬ್ಬರಿನ ಪಕ್ಕಕ್ಕೆ ಬಂದಿದೆ, ಬಟ್ಟೆಯಡಿ ಏನೋ ಕಟಕ್ಕೆಂದು ಸರಿಯಿತು, ಹೋಯ್ತು, ಮುರಿದೆ, ಕೊಡುವ ದಿನವೇ ಮುರಿದೆ, ಬಟ್ಟೆ ಸರಿಸಿದರೆ ಒಂದು ಪುಟ್ಟ ಗಾಲಿ, ಕೈಗಡಿಯಾರದ ಕೀಲಿಯಷ್ಟು, ಅಂಚಿಗೆ ಹಲ್ಲು, ಹಳೇ ಕ್ಯಾಮೆರಾದಲ್ಲಿ ಇಂಥದ್ದಿರಲಿಲ್ಲ, ಇದರಲ್ಲಿ ಇದೆಯೆಂದು ಯಾರೂ ಹೇಳಲಿಲ್ಲ, ಏನು ಕೆಟ್ಟಿತೋ ನೋಡೋಣವೆಂದು ಕಣ್ಣಿಗೆ ಹಿಡಿದಳು, ಹಿತ್ತಲು, ಹಗ್ಗ, ಬಣ್ಣಬಣ್ಣದ ಮಸುಕು, ಆದರೆ ನಿನ್ನೆಗಿಂತ ಕಡಿಮೆ ಮಸುಕಲ್ಲವೇ, ಬೆರಳ ತುದಿಯಿಂದ ಇನ್ನೊಂದು ಕಟಕ್, ಮಸುಕು ಕುಗ್ಗಿ ಬಟ್ಟೆಗಳಾದವು, ಇನ್ನೊಂದು, ಹಗ್ಗದ ಎಳೆಗಳು ಕಂಡವು, ಮತ್ತೊಂದು, ದಿಂಬಿನ ಚೀಲದ ಹೊಲಿಗೆ, ಒಂದೊಂದೇ ಹೊಲಿಗೆ. ಬಲಗಣ್ಣು, ಒಂದೇ ಕಣ್ಣು, ಎಡಗಣ್ಣು ಗಟ್ಟಿಯಾಗಿ ಮುಚ್ಚಿದೆ, ಕನ್ನಡಿಯ ಮುಂದೆ ಆಗದಿದ್ದ ಪರೀಕ್ಷೆ ಕೇಳದೆಯೇ ನಡೆದುಹೋಗಿದೆ, ಅವಳು ಮಂಚದ ಅಂಚಿನಲ್ಲಿ ಕುಕ್ಕರಿಸಿದಳು. ಮೂರು ತಿಂಗಳು. ಮೂರು ತಿಂಗಳ ಹಿಂದೆ ಪ್ರವಾಸಕ್ಕೆಂದು ಕ್ಯಾಮೆರಾ ಕೇಳಿಕೊಂಡು ಹೋದದ್ದು ಅಳಿಯ, ಸೋಡಾಬುಡ್ಡಿ ಕನ್ನಡಕ ಹಣೆಗೇರಿಸಿ ಕಿಂಡಿಗೆ ಕಣ್ಣಿಡುವ ಅಳಿಯ, ಕನ್ನಡಕವಿಲ್ಲದ ತನ್ನ ಕಣ್ಣಿಗೆ ಹೊಂದುವಂತೆ ಈ ಗಾಲಿಯನ್ನು ತಿರುಗಿಸಿಕೊಂಡು ಹಾಗೇ ತಂದು ಮೇಜಿನ ಮೇಲಿಟ್ಟು, ತುಂಬ ಚೆನ್ನಾಗಿ ಬಂದಿದೆ ಅತ್ತೆ, ಎಂದು ಕಾಫಿ ಕುಡಿದು ಹೋಗಿದ್ದ, ಅವನ ಕಣ್ಣನ್ನು ತನ್ನದೆಂದುಕೊಂಡು ಅವಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದು, ಬಯ್ಯೋಣವೆಂದರೆ ಅಳಿಯ, ನಗು ಬಂತು, ನಗುತ್ತ ಬಂದದ್ದು ಕಣ್ಣೀರೇ ಆಯಿತು, ಸೆರಗಿನಿಂದ ಒರೆಸಿ ಮತ್ತೆ ಕಿಂಡಿಗಿಟ್ಟಳು, ಒರೆಸಿದ ಮೇಲೂ ಹೊಲಿಗೆಗಳು ಅಲ್ಲೇ ಇದ್ದವು. ಸಂಜೆ ಬರಲಿ, ಕಾಫಿ ಕೊಡುತ್ತಾಳೆ, ಬೇಕಾದರೆ ಎರಡು ಲೋಟ, ಕ್ಯಾಮೆರಾ ಮಾತ್ರ ಇಲ್ಲ, ಮನಸ್ಸು ತಡೀಲಿಲ್ಲಪ್ಪಾ ಎಂದರಾಯಿತು, ನಗುವುದಾದರೆ ನಗಲಿ.

ಬಟ್ಟೆಗಳ ನಡುವಿನ ಸಂದಿನಲ್ಲಿ ಗಂಡನ ಮುಖ, ಮಸುಕಿನ ಮೂರು ತಿಂಗಳಲ್ಲಿ ಇದನ್ನು ಕಿಂಡಿಯಿಂದ ನೋಡಲು ಹೆದರಿ ಬೇರೆ ಎಲ್ಲೆಲ್ಲೋ ನೋಡಿದ್ದಳು, ಕ್ಷೌರ ಮಾಡುವಾಗ ಬಿಟ್ಟುಹೋದ ಎರಡು ಬಿಳಿ ಕೂದಲು, ಕಿವಿಯ ಹಿಂದೆ ಸೋಪಿನ ನೊರೆ, ತುಟಿಗಳ ನಡುವೆ ಕಚ್ಚಿಕೊಂಡ ನೀಲಿ ಕ್ಲಿಪ್ಪು, ಅದರ ಸ್ಪ್ರಿಂಗಿನ ಸುತ್ತುಗಳು ಕೂಡ, ಬಿಸಿಲಿಗೆ ಕಿರಿದಾದ ಕಣ್ಣು, ಅವನೀಗ ಬಗ್ಗುತ್ತಾನೆ, ಬಕೆಟ್ಟಿನತ್ತ ಬಗ್ಗಿಬಿಡುತ್ತಾನೆ, ರೀ, ಎಂದಳು, ದನಿ ಕಿಟಕಿಯನ್ನೂ ದಾಟಲಿಲ್ಲವೇನೋ, ನೀಲಿ ಕ್ಲಿಪ್ಪು, ಅದರ ಮೇಲೊಂದು ನೀರಿನ ಹನಿ, ರೀ, ಒಂದು ನಿಮಿಷ ಹಾಗೇ ನಿಂತಿರಿ.