ಖಾಲಿ ಪೀಪಾಯಿ

ನಮ್ಮ ಮನೆಯ ನೆಲಮಾಳಿಗೆಯಲ್ಲಿ ನಾನು ಕಟ್ಟಿದ ಬಿಯರ್ ಕೋಣೆಯಷ್ಟು ಚೊಕ್ಕ ಕೋಣೆ ಇಡೀ ಶೆಬಾಯ್ಗನ್ ಊರಿನಲ್ಲಿ ಇನ್ನೊಂದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚಿಕೊಳ್ಳುವ ಮುಖ ಕಳೆದ ಭಾನುವಾರವೇ ಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ಮೊದಲೆಲ್ಲ ಅಡುಗೆಮನೆಯ ಒಲೆಯ ಮೇಲೇ ಬಿಯರ್ ಕುದಿಸುತ್ತಿದ್ದೆ. ಮೊಳಕೆ ಬಾರ್ಲಿಯ ರಸ ಉಕ್ಕಿ ಒಲೆಯ ಮೇಲೆಲ್ಲ ಸುರಿದರೆ ಬೆಲ್ಲದ ಪಾಕ ಅಂಟಿದ ಹಾಗೆ ಅಂಟುತ್ತದೆ. ಅದನ್ನು ಕೆರೆದು ಕೆರೆದು ನನ್ನ ಹೆಂಡತಿ ಲವರ್ನ್‌ಗೆ ಸಾಕಾಗಿತ್ತು. ಒಲೆ ನನ್ನದೋ ನಿನ್ನದೋ ಇವತ್ತೇ ತೀರ್ಮಾನವಾಗಲಿ ಎಂದು ಒಂದು ದಿನ ಸೌಟು ಹಿಡಿದು ನಿಂತಳು. ಆದರೂ ಆ ಬಿಯರ್ ಎಲ್ಲರಿಗೂ ಇಷ್ಟವಾಗಿತ್ತು. ನೆರೆಯವರು ತಾವಾಗಿಯೇ ಬಂದು ಕೇಳಿ ಒಯ್ಯುತ್ತಿದ್ದರು. ಮಗಳು ಗ್ರೆಚನ್‌ಗೆ ಮದುವೆ ಗೊತ್ತಾದಾಗ ಅವಳು ನನ್ನ ಹೆಗಲಿಗೆ ಕೈ ಹಾಕಿ, ಮದುವೆಯ ದಿನ ಎಲ್ಲರಿಗೂ ನಿನ್ನ ಬಿಯರೇ ಆಗಬೇಕು, ಅಂಗಡಿಯದು ಬೇಡವೇ ಬೇಡ ಎಂದಳು. ಆ ಒಂದು ಮಾತಿಗೆ ನಾನು ನೆಲಮಾಳಿಗೆಗೆ ಇಳಿದೆ.

ನಾನು ನಿವೃತ್ತ ಪ್ಲಂಬರ್. ಊರವರ ಮನೆಯ ಕೊಳಾಯಿ, ಮೋರಿ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದದ್ದು. ನನ್ನ ಸ್ವಂತ ಕೋಣೆ ಎಂದ ಮೇಲೆ ಕೇಳಬೇಕೆ? ಬಟ್ಟೆ ಒಗೆಯುವ ಯಂತ್ರದ ಆಚೆ, ಬಡಗಣ ಗೋಡೆಗೆ ಹೊಂದಿಕೊಂಡ ಮೂಲೆಯನ್ನು ಆರಿಸಿಕೊಂಡೆ. ಚಳಿಗಾಲದಲ್ಲಿ ಊರ ಪಕ್ಕದ ಸರೋವರದ ಗಾಳಿ ಆ ಗೋಡೆಗೇ ಬಡಿಯುವುದರಿಂದ ಮೂಲೆ ತಣ್ಣಗೆ ಕೊರೆಯುತ್ತದೆ. ತಣ್ಣಗಿದ್ದಷ್ಟೂ ಬಿಯರಿಗೆ ಒಳ್ಳೆಯದು ಎಂಬುದು ನನ್ನ ಲೆಕ್ಕ. ಕಾಂಕ್ರೀಟು ಒಡೆದು ನೆಲದ ನಡುವೆ ಮೋರಿ ಇಟ್ಟೆ. ನೀರು ಎಲ್ಲಿ ಚೆಲ್ಲಿದರೂ ತಾನೇ ದಾರಿ ಹುಡುಕಿಕೊಂಡು ಹೋಗುವಂತೆ ನಾಲ್ಕೂ ಕಡೆಯಿಂದ ಇಳಿಜಾರು ಕೊಟ್ಟೆ. ಉಗಿ ಹೊರಗೆ ಹೋಗಲು ಫ್ಯಾನು, ಉಕ್ಕಿನ ತೊಟ್ಟಿ, ಒರೆಸಿದರೆ ಹೊಳೆಯುವ ಬಿಳಿ ಗೋಡೆ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು. ಆ ಹಾಳು ಸೊಂಟ ಇವತ್ತಿಗೂ ಸರಿಹೋಗಿಲ್ಲ.

ಹೊಸ ಕೋಣೆಯ ಮೊದಲ ಬಿಯರ್ ತಯಾರಾದಾಗ ಲವರ್ನ್ ಒಂದು ಗುಟುಕು ಕುಡಿದು ಸುತ್ತ ನೋಡಿದಳು. ಕೋಣೆ ಎಷ್ಟು ಚೆನ್ನಾಗಿ ಬಂದಿದೆ ಅಂದಳು. ಗ್ರೆಚನ್ನೂ ಹಾಗೇ ಅಂದಳು. ನೆರೆಯವರು ಬಂದರು, ಕೋಣೆಯನ್ನು ಹೊಗಳಿದರು, ಗೋಡೆ ಮುಟ್ಟಿ ನೋಡಿದರು, ಫ್ಯಾನು ಹಾಕಿಸಿ ನೋಡಿದರು, ಲೋಟದಲ್ಲಿ ಅರ್ಧ ಬಿಟ್ಟು ಇವತ್ತು ಕಾರು ಓಡಿಸಬೇಕು ಅಂತ ಎದ್ದರು. ಪಕ್ಕದ ಮನೆಗೆ ಹೋಗಲು ಯಾವ ಕಾರು ಬೇಕು ಎಂದು ನನ್ನ ಮಂಡೆಗೆ ಆಗ ಹೊಳೆಯಲೇ ಇಲ್ಲ. ನಮ್ಮ ಊರಿನವರು ಹೀಗೇ. ನೀವು ಬಡಿಸಿದ್ದು ಗಂಟಲಲ್ಲಿ ಇಳಿಯದಿದ್ದರೂ ಮುಖದ ಮೇಲೆ ಹೇಳುವುದಿಲ್ಲ, ತಟ್ಟೆಯ ಅಂದವನ್ನು ಹೊಗಳುತ್ತಾರೆ. ನಾನೂ ಜನ್ಮವಿಡೀ ಅದನ್ನೇ ಮಾಡಿದವನು. ನನಗೂ ಅದನ್ನೇ ಮಾಡುತ್ತಾರೆ ಎಂದು ಮಾತ್ರ ತೋಚಲಿಲ್ಲ.

ವಸಂತದಲ್ಲಿ ಬೀಗರು ಬಂದರು. ಹುಡುಗ ಕರ್ಟ್‌ನ ತಂದೆ ಎಲ್ಡನ್, ಹಸು ಸಾಕಿ ಹಾಲು ಮಾರಿ ಬದುಕಿದವರು, ಮಾತಿಗೆ ಕೂತರೆ ಏಳುವವರಲ್ಲ. ನಮ್ಮಲ್ಲಿ ಬ್ರಾಟ್ ಸಾಸೇಜನ್ನು ಕೆಂಡಕ್ಕೆ ಹಾಕುವ ಮೊದಲು ಬಿಯರು, ಈರುಳ್ಳಿ, ಬೆಣ್ಣೆ ಹಾಕಿದ ಪಾತ್ರೆಯಲ್ಲಿ ಬೇಯಿಸುತ್ತೇವೆ. ಲವರ್ನ್ ನನ್ನ ಬಿಯರನ್ನೇ ಸುರಿದು ಬೇಯಿಸಿದ್ದಳು. ಎಲ್ಡನ್ ಒಂದು ತುಂಡು ಕಚ್ಚಿ ಕಣ್ಣು ಮುಚ್ಚಿದರು.

“ಏನಮ್ಮಾ, ಬೆಣ್ಣೆ ಕೈ ತುಂಬಾ ಹಾಕಿದೀಯಲ್ಲ? ನಾವು ಹಾಲಿನೋರು, ಬೆಣ್ಣೆ ವಾಸ್ನೆ ನಮ್ಮಿಂದ ತಪ್ಪಿಸ್ಕೊಳ್ಳಲ್ಲ.”

“ಈ ಸಲ ಬೆಣ್ಣೆ ಹಾಕೇ ಇಲ್ಲ,” ಅಂದಳು ಲವರ್ನ್. ಅವಳ ಕಿವಿ ಕೆಂಪಾಯಿತು. “ಬರೀ ಇವನ ಬಿಯರು.”

ನಾನು ಎದೆಯುಬ್ಬಿಸಿ ಎಲ್ಲರ ಮುಖ ನೋಡಿದೆ. ನನ್ನ ಬಿಯರಿಗೆ ಬೆಣ್ಣೆಯ ರುಚಿಯಂತೆ! ನನ್ನ ನಾಲಿಗೆಗೆ ಅಂಥದ್ದೇನೂ ಹತ್ತಿರಲಿಲ್ಲ, ಆದರೂ ಹೊಗಳಿಕೆ ಯಾರಿಗೆ ಬೇಡ? ಎಲ್ಡನ್ ತಮ್ಮ ಲೋಟವನ್ನು ಮೆಲ್ಲಗೆ ಆಚೆ ಸರಿಸಿ, ಮೋರಿಯ ಇಳಿಜಾರು ಹೇಗೆ ಕೊಟ್ಟಿರಿ ಎಂದು ಕೇಳಿದರು.

ಮದುವೆಗೆ ನಾಲ್ಕು ಉಕ್ಕಿನ ಪೀಪಾಯಿ ತುಂಬಿಸಿದೆ. ಹಿಂದಿನ ದಿನ ಕರ್ಟ್ ಪಿಕಪ್ ತಂದು, ನಿಮ್ಮ ಸೊಂಟಕ್ಕೆ ಇದೆಲ್ಲ ಬೇಡ ಮಾವ, ಛತ್ರಕ್ಕೆ ನಾನೇ ಸಾಗಿಸುತ್ತೇನೆ ಎಂದ. ಎಂಥ ಒಳ್ಳೆಯ ಅಳಿಯ ಸಿಕ್ಕಿದ ಅಂದುಕೊಂಡೆ. ಚರ್ಚಿನ ಛತ್ರದಲ್ಲಿ ಪೀಪಾಯಿಗಳನ್ನು ಮೇಜಿನ ಕೆಳಗಿಟ್ಟು, ನೆಲ ಮುಟ್ಟುವಂತೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಮೇಲೆ ನಲ್ಲಿಗಳು ಮಾತ್ರ ಕಾಣುತ್ತಿದ್ದವು.

ಊಟದ ಹೊತ್ತಿಗೆ ಗ್ರೆಚನ್ ಮದುವೆಯ ಉಡುಪಿನಲ್ಲೇ ಎದ್ದು ನಿಂತು ಲೋಟ ಎತ್ತಿದಳು. ಈ ಬಿಯರನ್ನು ನಮ್ಮಪ್ಪ ತನ್ನ ಕೈಯಾರೆ ಕಟ್ಟಿದ ಕೋಣೆಯಲ್ಲಿ ನನಗೋಸ್ಕರ ಮಾಡಿದ್ದಾನೆ ಎಂದಳು. ಛತ್ರಕ್ಕೆ ಛತ್ರವೇ ಎದ್ದು ನಿಂತು ಕುಡಿಯಿತು. ನನಗೆ ಕಣ್ಣು ಮಂಜಾಯಿತು. ಈ ಸಲ ಯಾರೂ ಲೋಟದಲ್ಲಿ ಉಳಿಸಲಿಲ್ಲ. ಎಲ್ಡನ್ ಬಂದು ಬೆನ್ನು ತಟ್ಟಿ, ಇದು ನೋಡಿ ಬಿಯರು ಅಂದರೆ ಎಂದರು. ನಾನೂ ಲೋಟದ ಮೇಲೆ ಲೋಟ ಏರಿಸಿದೆ. ಸಿಕ್ಕಸಿಕ್ಕವರನ್ನು ಹಿಡಿದು ನಿಲ್ಲಿಸಿ, ಬಾರ್ಲಿ ಯಾವುದು, ಹಾಪ್ಸ್ ಹೂವು ಯಾವಾಗ ಹಾಕಿದೆ, ಆ ತಣ್ಣನೆಯ ಗೋಡೆಯ ಗುಟ್ಟೇನು ಎಂದೆಲ್ಲ ಪಾಠ ಮಾಡಿದೆ. ಪಾಪ, ಕೇಳಿದರು. ಅದನ್ನು ನೆನೆದರೆ ಈಗಲೂ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮರುದಿನ ಭಾನುವಾರ, ಎರಡೂ ಕಡೆಯವರು ನಮ್ಮ ಮನೆಯಲ್ಲಿ ಸೇರಿ ಉಡುಗೊರೆ ಬಿಚ್ಚುವ ಶಾಸ್ತ್ರ. ಕಾಫಿ ಮುಗಿದ ಮೇಲೆ ಎಲ್ಡನ್, ಅಂಥ ಬಿಯರ್ ಹುಟ್ಟಿದ ಕೋಣೆಯನ್ನು ಇನ್ನೊಮ್ಮೆ ನೋಡಬೇಕು ಎಂದರು. ಗ್ರೆಚನ್ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟು, ಆಮೇಲೆ ನೋಡಿದರಾಯಿತು, ಇನ್ನೂ ಉಡುಗೊರೆ ಇದೆ ಎಂದಳು. ನಾನು ಕೇಳುತ್ತೇನೆಯೇ? ಬೀಗರ ತೋಳು ಹಿಡಿದು ಮೆಟ್ಟಿಲಿಳಿಸಿದೆ. ಅವಳೂ ಹಿಂದೆಯೇ ಬಂದಳು.

ಛತ್ರದಿಂದ ಮರಳಿದ ಪೀಪಾಯಿಗಳನ್ನು ಕರ್ಟ್ ಬೆಳಿಗ್ಗೆಯೇ ತಂದು ಮೋರಿಯ ಪಕ್ಕ ಇಟ್ಟುಹೋಗಿದ್ದ. ಬೀಗರಿಗೆ ದಾರಿ ಬಿಡಲೆಂದು ಒಂದನ್ನು ಕಾಲಿನಿಂದ ಪಕ್ಕಕ್ಕೆ ನೂಕಿದೆ. ಅದು ಅಲ್ಲಾಡಲಿಲ್ಲ. ಇನ್ನೊಂದನ್ನು ನೂಕಿದೆ. ಅದೂ ಅಷ್ಟೆ.

ತಿರುಗಿ ನೋಡಿದೆ. ಗ್ರೆಚನ್ ಕೊನೆಯ ಮೆಟ್ಟಿಲ ಮೇಲೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಪೀಪಾಯಿಗಳಿಂದ ಒಂದು ತೊಟ್ಟೂ ಹೊರಗೆ ಹೋಗಿರಲಿಲ್ಲ. ಹಾಗಾದರೆ ನಿನ್ನೆ ಛತ್ರದಲ್ಲಿ ಎಲ್ಲರೂ ಎದ್ದು ನಿಂತು ಕುಡಿದದ್ದು ಹೆಂಡದಂಗಡಿಯ ಬಿಯರು. ನಾನು ಕುಡಿದದ್ದೂ ಅದನ್ನೇ, ನನ್ನದು ಎಂದು ಚಪ್ಪರಿಸಿ ಚಪ್ಪರಿಸಿ. ಇಷ್ಟು ದೊಡ್ಡ ಕೋಣೆ ಕಟ್ಟಿಕೊಂಡವನಿಗೆ ತನ್ನ ಬಿಯರು ಯಾವುದು, ಅಂಗಡಿಯದು ಯಾವುದು ಗೊತ್ತಾಗಲಿಲ್ಲ. ನೆಲ ಬಾಯಿಬಿಟ್ಟರೆ ಆ ಮೋರಿಯೊಳಗೇ ಇಳಿದುಹೋಗೋಣ ಅನ್ನಿಸಿತು. ಅಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ಎಲ್ಡನ್ ಅಂಗಿಯ ತೋಳು ಮಡಿಸಿದರು.

“ಬನ್ನಿ ಬೀಗರೇ, ಇವನ್ನ ತೊಳೆದಿಟ್ಬಿಡೋಣ. ಹಾಲಿನ ಕ್ಯಾನು ತೊಳೆದು ಪಳಗಿದ ಕೈ ಇದು.” ಹಾಗೆಂದು ಹತ್ತಿರದ ಪೀಪಾಯಿಯ ಹಿಡಿಗೆ ಕೈ ಚಾಚಿದರು.

ಅವರು ಅದನ್ನು ಎತ್ತಿದರೆ ಮುಗಿಯಿತು. ನನ್ನ ಮಾನ ಹೇಗೂ ಹೋಗಿತ್ತು, ಅದು ಬೇರೆ ಮಾತು. ಆದರೆ ನಿನ್ನೆ ತಾನೇ ಅವರ ಮನೆ ಸೇರಿದ ಹುಡುಗಿ, ಅಷ್ಟು ಜನರ ಮುಂದೆ ಲೋಟ ಎತ್ತಿ ಸುಳ್ಳು ಹೇಳಿದಳು ಎಂದಾಗುತ್ತದೆ. ಅವಳು ಹೇಳಿದ್ದು ನನ್ನ ಮುಖ ಉಳಿಸಲು.

ಅವರ ಕೈಗಿಂತ ಮುಂಚೆ ನನ್ನ ಕೈ ಹೋಯಿತು. ಒಂದೇ ಕೈಯಲ್ಲಿ ಪೀಪಾಯಿಯನ್ನು ಎತ್ತಿದೆ. ಅರ್ಧ ಮೂಟೆ ಸಿಮೆಂಟಿನ ಭಾರ. ಸೊಂಟದಲ್ಲಿ ಏನೋ ಛಳಕ್ಕೆಂದಿತು.

“ನೀವು ಅತಿಥಿಗಳು, ನಿಮ್ಮ ಕೈಲಿ ತೊಳೆಸ್ತೀನಾ?” ಅಂದೆ, ನಗುನಗುತ್ತಾ.

ಪುಣ್ಯಕ್ಕೆ ತುಂಬಿದ ಪೀಪಾಯಿ ಕುಲುಕಾಡುವುದಿಲ್ಲ. ಆದರೆ ಕೆಳಗಿಡುವಂತಿಲ್ಲ. ಖಾಲಿಯಾದದ್ದು ನೆಲಕ್ಕೆ ತಾಗಿದರೆ ಗಂಟೆಯಂತೆ ಠಣ್ ಅನ್ನುತ್ತದೆ, ತುಂಬಿದ್ದು ಧೊಪ್ಪೆನ್ನುತ್ತದೆ. ಹಾಲಿನ ಕ್ಯಾನಿನ ಜೊತೆ ಬಾಳು ಸವೆಸಿದ ಮನುಷ್ಯನಿಗೆ ಅದು ತಿಳಿಯದೇ? ಹಿಡಿದೇ ನಿಂತೆ.

ಎಲ್ಡನ್, ನಮ್ಮ ಕಡೆ ಹೊರಡುವವರು ಮಾಡುವಂತೆ ತೊಡೆ ತಟ್ಟಿಕೊಂಡು, ಸರಿ ಹಾಗಾದರೆ, ಹೊರಡೋಣ ಎಂದರು. ನಮ್ಮ ಸೀಮೆಯಲ್ಲಿ ಹೊರಡೋಣ ಎಂದ ಮೇಲೆ ನಿಜವಾದ ಮಾತು ಶುರುವಾಗುತ್ತದೆ. ಅವರ ಹಸುವೊಂದು ಕರು ಹಾಕಿದ್ದು, ಹುಲ್ಲು ಕಟಾವಿನ ಹೊತ್ತಿಗೆ ಮಳೆ ಬಂದದ್ದು, ಮೈದುನನ ಮೊಣಕಾಲಿನ ಆಪರೇಷನ್, ಎಲ್ಲ ಬಂತು. ಒಂದು ಹೆಜ್ಜೆ ಮೆಟ್ಟಿಲ ಕಡೆ ಇಡುವರು, ಮತ್ತೆ ಏನೋ ನೆನಪಾಗಿ ತಿರುಗುವರು. ನಾನು ಹೂಂ ಹೂಂ ಅನ್ನುತ್ತಿದ್ದೆ. ಬೆರಳುಗಳಲ್ಲಿ ಜೀವ ಇರಲಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಗ್ರೆಚನ್ ನನ್ನ ಕತ್ತಿನ ನರವನ್ನೇ ನೋಡುತ್ತಿದ್ದಳು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು, ಎಲ್ಡನ್ ಅದನ್ನು ನೋಡಿ ತವರು ಬಿಡುವ ದುಃಖ ಅಂದುಕೊಂಡು ಅವಳ ತಲೆ ಸವರಿದರು. ಆಮೇಲೆ ಮೆಟ್ಟಿಲು ಹತ್ತಿದರು.

ಬಾಗಿಲು ಮುಚ್ಚಿದ ಸದ್ದಾಯಿತು.

“ಅಪ್ಪಾ, ಕೆಳಗಿಡು. ಭಾರ ಇದೆ.”

“ಇಲ್ಲಮ್ಮ. ಖಾಲಿ ಇದು.”

ಅವಳು ಬಂದು ಇನ್ನೊಂದು ಹಿಡಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಇಳಿಸಿದೆವು. ಧೊಪ್ಪೆಂದಿತು.

“ಕರ್ಟ್ ಸುರಿದುಬಿಡೋಣ ಅಂದ,” ಅಂದಳು ಅವಳು ಮೂಗೊರೆಸಿಕೊಳ್ಳುತ್ತಾ. “ನಂಗೆ ಮನಸ್ಸು ಬರ್ಲಿಲ್ಲ.”

“ಯಾವಾಗಿಂದ ಕೆಟ್ಟಿದೆ ಇದು? ಮೊದ್ಲಿಂದ್ಲೂನಾ?”

ಅವಳು ಗೋಡೆ ನೋಡಿದಳು, ತೊಟ್ಟಿ ನೋಡಿದಳು.

“ಅಡುಗೆಮನೇಲಿ ಮಾಡ್ತಿದ್ದದ್ದು ತುಂಬಾ ಚೆನ್ನಾಗಿತ್ತು ಅಪ್ಪಾ. ಇಲ್ಲಿಗೆ ಬಂದ್ಮೇಲೇನೇ ಬೆಣ್ಣೆ ಬೆಣ್ಣೆ ಆಗಿದ್ದು. ಇಷ್ಟು ಕಷ್ಟಪಟ್ಟು ಕಟ್ಟಿದೀಯ. ಯಾರು ಹೇಳ್ತಾರೆ ನಿಂಗೆ?”

ಹುಳಿ ಬರಿಸುವ ಯೀಸ್ಟಿಗೆ ಕೊನೆಯಲ್ಲಿ ಒಂದಿಷ್ಟು ಬಿಸುಪು ಬೇಕು, ತಾನು ಬಿಟ್ಟ ಬೆಣ್ಣೆಯ ವಾಸನೆಯನ್ನು ಅದು ತಾನೇ ತಿಂದು ಮುಗಿಸಬೇಕು ಎಂದು ಎಲ್ಲೋ ಓದಿದ್ದು ಆಗ ನೆನಪಾಯಿತು. ಕೆಲವರ ಮೂಗಿಗೆ ಆ ವಾಸನೆ ಹತ್ತುವುದೇ ಇಲ್ಲ ಎಂದೂ ಅಲ್ಲೇ ಓದಿದ್ದೆ. ಅಡುಗೆಮನೆ ಬೆಚ್ಚಗಿತ್ತು. ಇಲ್ಲಿ ನನ್ನ ಹೆಮ್ಮೆಯ ಬಡಗಣ ಗೋಡೆ.

ಅವಳನ್ನು ಮೇಲೆ ಕಳಿಸಿದೆ, ಜನ ಕಾಯುತ್ತಾರೆ ಎಂದು. ಆಮೇಲೆ ಒಂದೊಂದಾಗಿ ನಾಲ್ಕೂ ಪೀಪಾಯಿ ತೆರೆದು ನೆಲಕ್ಕೆ ಒರಗಿಸಿದೆ. ಬಿಯರು ನೊರೆಯೆಬ್ಬಿಸುತ್ತಾ ಹರಿದು ಮೋರಿ ಸೇರಿತು. ಎಲ್ಲಿಯೂ ಒಂದು ಹನಿ ನಿಲ್ಲಲಿಲ್ಲ. ಇಳಿಜಾರು ಮಾತ್ರ ಚೆನ್ನಾಗಿ ಬಂದಿತ್ತು.