ಯಲಿಯೂರಿನ ಖಾಲಿ ಮನೆ

"ಅಯ್ಯೋ, ಇದ್ಯಾಕವ್ವ ಬೊಗಸೆ ಒಡ್ತೀಯ? ಯಾವ ಪೈಕಿ ನೀನು?"

ಜಗಲಿಯ ಮೇಲಿದ್ದ ಅಂಕಮ್ಮ ನಾನು ಕೇಳಿದ್ದ ನೀರಿನ ಚೊಂಬನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ನಾನು ನನ್ನ ಕೈ ನೋಡಿಕೊಂಡೆ. ಥೂ, ಹಾಳು ಕೈ! ಮಂಡ್ಯ ಸೇರಿ ಇಪ್ಪತ್ತೆರಡು ವರ್ಷವಾಯಿತು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸರ್ಕಾರಿ ಕೆಲಸ. ಅಲ್ಲೆಲ್ಲ ಲೋಟ ಹಿಡಿದೇ ನೀರು ಕುಡಿದವಳು ನಾನು. ಈ ಜಗಲಿ, ಈ ಬಿಸಿಲು, ಮೇಲೆ ಚೊಂಬು ಹಿಡಿದು ನಿಂತ ಗೌಡ್ತಿಯನ್ನು ಕಂಡಿದ್ದೇ ತಡ, ಬಸರಾಳಿನಲ್ಲಿ ಅವ್ವ ಕಲಿಸಿದ ಹಾಗೆ ಸೊಂಟ ಬಗ್ಗಿ ಬೊಗಸೆ ತಾನಾಗಿಯೇ ಮುಂದೆ ಹೋಗಿತ್ತು.

ಕೊಳ್ಳಲೆಂದು ಫೋನಿನಲ್ಲಿ ಈ ಜಗಲಿಯ ಪಕ್ಕದ ಮನೆ ಹುಡುಕಿದಾಗ ಯಾರೂ ಪೈಕಿ, ಜಾತಿ ಕೇಳಿರಲಿಲ್ಲ. ಎಷ್ಟು ರೂಮು ಬೇಕು, ಯಾವ ದಿಕ್ಕಿನ ಬಾಗಿಲು ಬೇಕು, ಅಷ್ಟೆ. ಹೆಸರು ಕಾಮಾಕ್ಷಮ್ಮ, ಕೆಲಸ ಸರ್ಕಾರಿ ಎಂದು ತುಂಬಿದೆ. ಭಾನುವಾರ ಮನೆ ನೋಡಲು ಬನ್ನಿ ಎಂದು ಉತ್ತರ ಬಂತು. ಗಂಡ ಶಿವು ಸತ್ತ ಮೇಲೆ ಆರು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಜಾತಿ ತಿಳಿದ ತಿಂಗಳಿಗೆ ಎಲ್ಲ ಕಡೆಯೂ ಒಂದೇ ಮಾತು, ನಮ್ಮ ಮಗಳು ಬರ್ತಾಳೆ, ಖಾಲಿ ಮಾಡಿ. ಸ್ವಂತ ಮನೆಯಾದರೆ ಯಾವ ನನ್ಮಗ ಖಾಲಿ ಮಾಡಿಸುತ್ತಾನೆ ಎಂದುಕೊಂಡು ಬ್ಯಾಂಕಿನ ಸಾಲದ ಕಾಗದ ಹಿಡಿದು ಒಬ್ಬಳೇ ಯಲಿಯೂರಿನ ಬಸ್ಸು ಹತ್ತಿದ್ದೆ. ಜೊತೆಗೆ ಬರಲು ನನಗೆ ಯಾರೂ ಇಲ್ಲ.

ಮನೆ ಮಾರುತ್ತಿದ್ದ ತಿಮ್ಮಯ್ಯ, ಅಂಕಮ್ಮನ ಗಂಡ, ಒಳಗಿನಿಂದ ಬಂದು ಯಾವೂರು ಎಂದ. ಬಸರಾಳು ಎಂದೆ.

"ಬಸ್ರಾಳಲ್ಲಿ ಯಾವ ಬೀದಿ?"

"ಹೊಲಗೇರಿ ಕಣಪ್ಪ," ಎಂದೆ. ಇನ್ನು ಮುಚ್ಚಿಡುವುದೇನು?

ಅವನು ಮನೆ ತೋರಿಸಲು ಫೋನಿನ ಆ ಕಂಪನಿಯ ಕಡೆಯಿಂದ ಬಂದಿದ್ದ ಪುನೀತನತ್ತ ತಿರುಗಿದ.

"ಲೇ ಬೋಳಿಮಗ್ನೆ, ಫೋನಲ್ಲಿ ಸಿಕ್ದೋರ್ನೆಲ್ಲ ಕರ್ಕಬತ್ತೀಯಲ್ಲಾ! ನಮ್ ಗ್ವಾಡೆಗೇ ಸೇರ್ಕಂಡಿರೋ ಮನೆ ಕಣ್ಲಾ ಅದು!"

ಪುನೀತ ನನ್ನ ಮುಖ ನೋಡಲಿಲ್ಲ. "ಅಕ್ಕಾ, ಮನೆ ಸೇಲಾಗೋಗದಂತೆ. ಬ್ಯಾರೆ ತೋರುಸ್ತೀನಿ ಬನ್ನಿ."

"ಯಾವಾಗಪ್ಪ ಸೇಲಾದ್ದು? ನಾನು ನೀರು ಕೇಳುದ್ಮೇಲಾ?"

ಅವನು ಫೋನು ಒತ್ತುತ್ತಾ ನಿಂತ.

"ನಾನು ಮನೆ ನೋಡಕ್ಕೆ ಬಂದಿರೋಳು. ನೋಡ್ಕಂಡೇ ಓಯ್ತೀನಿ."

ಪಕ್ಕದ ಆ ಖಾಲಿ ಮನೆಯ ಬಾಗಿಲನ್ನು ಪುನೀತ ಆಗಲೇ ತೆಗೆದಿಟ್ಟಿದ್ದ. ಚಪ್ಪಲಿ ಮೆಟ್ಟಿಕೊಂಡೇ ಹೊಸ್ತಿಲು ದಾಟಿದೆ. ಅಡುಗೆಮನೆಯ ನಲ್ಲಿ ತಿರುಗಿಸಿದೆ, ನೀರು ಬಂತು. ದೇವರ ಗೂಡಿನ ಬಾಗಿಲು ತೆಗೆದು ಮುಚ್ಚಿದೆ. ಮಲಗುವ ಕೋಣೆಯ ಕಿಟಕಿಯಿಂದ ರೈಲು ಹಳಿ ಕಾಣುತ್ತಿತ್ತು. ಎಷ್ಟು ಚೆನ್ನಾಗಿತ್ತು ಮನೆ! "ಚೆಂದಾಗದಲ್ವಾ?" ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟೆ. ಹೂಂ ಅನ್ನಲು ಯಾರಿದ್ದರು? ನಡುಮನೆಯ ನಟ್ಟನಡುವೆ ಕಾಲು ಚಾಚಿ ಕುಳಿತುಬಿಟ್ಟೆ.

ಹೊರಗೆ ಜನ ಸೇರಿದರು. ತಿಮ್ಮಯ್ಯನ ಗಂಟಲು ಎಲ್ಲರಿಗಿಂತ ಮೇಲಿತ್ತು. "ಎಳ್ದು ಆಚ್ಗಾಕ್ರುಲಾ ಅವಳ್ನ!"

"ಬಾರಪ್ಪ, ನೀನೇ ಬಾ," ಕುಳಿತಲ್ಲಿಂದಲೇ ಕೂಗಿದೆ. "ರಟ್ಟೆ ಇಡ್ಕಂಡು ಎಳಿ, ಎದ್ದು ಬತ್ತೀನಿ."

ಹೆಜ್ಜೆ ಸಪ್ಪಳ ಹೊಸ್ತಿಲ ತನಕ ಬಂದು ನಿಂತಿತು. ನಾನು ಕೈ ಮುಂದೆ ಚಾಚಿಕೊಂಡು ಕಾದೆ. ಕಿಟಕಿಯಿಂದ ನೆಲಕ್ಕೆ ಬಿದ್ದಿದ್ದ ಬಿಸಿಲು ಗೋಡೆ ಹತ್ತಿತು. ನನ್ನನ್ನು ಮುಟ್ಟಲು ಒಬ್ಬನೂ ಒಳಗೆ ಬರಲಿಲ್ಲ.