ಬರೆದುಕೊಡದ ಮಾತು

ಪ್ರೊಜೆಕ್ಟರಿಗೆ ವೈರು ಸಿಕ್ಕಿಸುತ್ತಿದ್ದ ಹುಡುಗಿ ತಲೆಯೆತ್ತಿದಾಗ ಗೆಳತಿ ಗುಬ್ಬಿಯ ಅಪ್ಪ ಶಾಲೆಯ ಸಭಾಂಗಣದೊಳಗೆ ಬರುತ್ತಿದ್ದರು. ಬಸ್ ಡ್ರೈವರು, ಸಮವಸ್ತ್ರವನ್ನೂ ಬದಲಿಸದೆ ಡ್ಯೂಟಿಯಿಂದ ನೇರ ಬಂದಿದ್ದರು. ಹಿಂದೆ ಗುಬ್ಬಿಯ ಅಮ್ಮ. ಇಬ್ಬರೂ ಮೊದಲ ಸಾಲಿನಲ್ಲಿ ಕೂತರು.

ಹುಡುಗಿಯ ಕೈಯಲ್ಲಿದ್ದ ವೈರು ಅಲ್ಲೇ ನಿಂತಿತು. ಹತ್ತನೇ ತರಗತಿಯವರೇ ಸೇರಿ ತಮ್ಮ ಶಾಲೆಯ ಬಗ್ಗೆ ಮಾಡಿದ ಸಿನಿಮಾವನ್ನು ಇವತ್ತು ತೋರಿಸುವುದಿತ್ತು. ಈ ಹುಡುಗಿಯೇ ನಿರ್ದೇಶಕಿ, ಹಾಗಾಗಿ ತರಗತಿಗೆಲ್ಲ 'ಡೈರೆಕ್ಟರಮ್ಮ'. ನಾಯಕಿ ಗುಬ್ಬಿ. ಪರೀಕ್ಷೆಯ ಭಯದ ಬಗ್ಗೆ ಬರೆದುಕೊಟ್ಟಿದ್ದ ಮಾತು ಬಿಟ್ಟು ಗುಬ್ಬಿ ಕ್ಯಾಮೆರಾದ ಮುಂದೆ ಬೇರೇನೋ ಹೇಳಿದ್ದಳು. ಡೈರೆಕ್ಟರಮ್ಮನಿಗೆ 'ಕಟ್' ಎನ್ನಲು ಬಾಯೇ ಬಂದಿರಲಿಲ್ಲ. ಆಮೇಲೆ ಗುಬ್ಬಿಯೇ, "ಇರ್ಲಿ ಬಿಡೆ, ಅಪ್ಪ ಎಲ್ಲಿ ನೋಡ್ತಾರೆ," ಅಂದಿದ್ದಳು.

ಈಗ ಗುಬ್ಬಿ ಪ್ರೊಜೆಕ್ಟರಿನ ಮೇಜು ಹಿಡಿದು ನಿಂತಿದ್ದಳು.

"ಆ ಸೀನ್ ಹಾರಿಸಿಬಿಡ್ಲೇನೆ? ಯಾರಿಗೂ ಗೊತ್ತಾಗಲ್ಲ," ಡೈರೆಕ್ಟರಮ್ಮ ಪಿಸುಗುಟ್ಟಿದಳು.

ಗುಬ್ಬಿ ಬೇಡವೆಂದು ತಲೆಯಾಡಿಸಿದಳು. "ನಂಗೆ ಗೊತ್ತಾಗುತ್ತಲ್ಲ."

ದೀಪ ಆರಿತು. ಸಿನಿಮಾದಲ್ಲಿ ಮೊದಲು ತರಗತಿಯ ಗಲಾಟೆ, ಹೆಡ್‌ಮಾಸ್ಟರ ನಡಿಗೆಯ ಅಣಕ. ಜನ ಬಿದ್ದುಬಿದ್ದು ನಕ್ಕರು, ಹೆಡ್‌ಮಾಸ್ಟರೂ ನಕ್ಕರು. ಡೈರೆಕ್ಟರಮ್ಮ ಮಾತ್ರ ಮೊದಲ ಸಾಲಿನ ಆ ಅಗಲ ಬೆನ್ನನ್ನೇ ನೋಡುತ್ತಿದ್ದಳು. ಬೆರಳು ನಿಲ್ಲಿಸುವ ಗುಂಡಿಯ ಮೇಲೇ ಇತ್ತು.

ಪರದೆಯ ಮೇಲೆ ಗುಬ್ಬಿ ಬಂದಳು.

"ಮೆಟ್ಟಿಲ ಮೇಲೆ ಅಪ್ಪನ ಬೂಟಿನ ಸದ್ದು ಕೇಳಿದ್ರೆ ಅಮ್ಮ ರೇಡಿಯೋ ಆರಿಸ್ತಾಳೆ. ಸದ್ದು ಜೋರಾಗಿದ್ರೆ ನಾನು ಮಂಚದ ಕೆಳಗೆ. ಅಮ್ಮಂಗೆ ಅಲ್ಲಿ ಜಾಗ ಸಾಲಲ್ಲ."

ನಗುತ್ತಿದ್ದ ತಲೆಗಳೆಲ್ಲ ಮೊದಲ ಸಾಲಿನತ್ತ ತಿರುಗಿದವು. ಆ ಬೆನ್ನು ಅಲುಗಲಿಲ್ಲ.

ಸಿನಿಮಾ ಮುಗಿದು ದೀಪ ಹತ್ತಿದಾಗ ಚಪ್ಪಾಳೆ ಹೊಡೆಯಬೇಕೋ ಬೇಡವೋ ಜನಕ್ಕೆ ತಿಳಿಯಲಿಲ್ಲ. ಡ್ರೈವರು ಎದ್ದು ನೇರ ಹುಡುಗಿಯರ ಬಳಿ ಬಂದರು. ಗುಬ್ಬಿಯ ಅಮ್ಮನೂ ಹಿಂದೆಯೇ ಬಂದರು.

"ಯಾರು ಬರ್ದಿದ್ದು ಅದನ್ನ?" ದನಿ ಮೆತ್ತಗಿತ್ತು. ಬೈದಿದ್ದರೇ ವಾಸಿ ಅನ್ನಿಸುವಂತಿತ್ತು.

"ನಾನೇ, ಅಂಕಲ್." ಡೈರೆಕ್ಟರಮ್ಮ ಗುಬ್ಬಿಗೆ ಅಡ್ಡ ಬಂದು ನಿಂತಳು. "ಬರೀ ಕಥೆ."

"ಕಥೆ ಅಲ್ಲ ಅಪ್ಪ." ಗುಬ್ಬಿ ಅವಳನ್ನು ಪಕ್ಕಕ್ಕೆ ಸರಿಸಿದಳು. "ನಾನೇ ಹೇಳಿದ್ದು."

ಅಪ್ಪನ ಕೈ ಸ್ವಲ್ಪ ಮೇಲೆದ್ದಿತು. ಸುತ್ತ ನೋಡಿದರು. ಅಷ್ಟೂ ಜನರ ಕಣ್ಣು ಆ ಕೈಯ ಮೇಲಿತ್ತು. ಕೈ ಇಳಿಸಿ ಬಾಗಿಲಿನತ್ತ ನಡೆದರು. ಅಲ್ಲಿಂದ, ತಿರುಗದೆ, "ಹೊರಡಿ ಇಬ್ರೂ," ಎಂದರು.

ಗುಬ್ಬಿ ಅಭ್ಯಾಸಬಲದಿಂದ ಹೆಜ್ಜೆ ಎತ್ತಿದಳು. ಅಮ್ಮ ಅವಳ ಮೊಣಕೈ ಹಿಡಿದರು. ಮಗಳನ್ನು ಹತ್ತಿರದ ಕುರ್ಚಿಗೆ ಎಳೆದು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಇನ್ನೊಂದು ಸಿನಿಮಾ ಶುರುವಾಗಲಿದೆಯೇನೋ ಎಂಬಂತೆ ಬಿಳಿಯ ಪರದೆಯನ್ನೇ ನೋಡತೊಡಗಿದರು.